ಮಗುವಿನ ಫೈಲು ಯಾರ ಕೈಯಲ್ಲಿ?

ಮಗುವನ್ನು ಡಾಕ್ಟರಿಗೆ ತೋರಿಸಿಕೊಂಡು ಬರುವುದು ಅಂತ ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ. ಬಿಡಿಸಿ ನೋಡಿದರೆ ಅದರೊಳಗೆ ಹದಿನಾಲ್ಕು-ಹದಿನೈದು ಕೆಲಸಗಳಿವೆ. ಶಿವಮೊಗ್ಗ ಜಿಲ್ಲೆಯ ಸಾಗರದ ಒಂದು ಮನೆ ಅಂತ ಇಟ್ಟುಕೊಳ್ಳಿ. ಮಗು ಎರಡು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲ ಅನ್ನುವುದು ಯಾರದ್ದಾದರೂ ಗಮನಕ್ಕೆ ಬರಬೇಕು. ಇಲ್ಲೇ ತೋರಿಸುವುದೋ ಶಿವಮೊಗ್ಗಕ್ಕೆ ಹೋಗುವುದೋ ತೀರ್ಮಾನ ಆಗಬೇಕು. ಕ್ಲಿನಿಕ್ಕಿಗೆ ಫೋನ್ ಮಾಡಿ ಟೋಕನ್ ಹೇಳಬೇಕು. ರಜೆ ಕೇಳಬೇಕು, ಅಂಗನವಾಡಿಗೋ ಶಾಲೆಗೋ ತಿಳಿಸಬೇಕು. ಹಳೆಯ ಚೀಟಿಗಳು, ಲಸಿಕೆ ಬರೆದಿಡುವ ತಾಯಿ ಕಾರ್ಡು ಹುಡುಕಬೇಕು. ಗಾಡಿ ಓಡಿಸಬೇಕು, ಸರದಿಗೆ ಕಾಯಬೇಕು, ಫೀಸು ಕೊಡಬೇಕು, ಡಾಕ್ಟರು ಕೇಳಿದ್ದಕ್ಕೆ ಉತ್ತರ ಹೇಳಬೇಕು, ಅವರು ಹೇಳಿದ್ದನ್ನು ನೆನಪಿಡಬೇಕು. ಔಷಧಿ ಅಂಗಡಿ, ಲ್ಯಾಬ್ ರಿಪೋರ್ಟ್, ರಾತ್ರಿ ಎಬ್ಬಿಸಿ ಕೊಡುವ ಡೋಸ್, ಐದು ದಿನ ಬಿಟ್ಟು ಮತ್ತೆ ತೋರಿಸಿ ಅಂದ ದಿನಾಂಕ.

ಈ ಪಟ್ಟಿಯಲ್ಲಿ ಗಾಡಿ ಓಡಿಸಿ ಫೀಸು ಕೊಟ್ಟವರ ಪಾಲಿಗೆ ಬಂದದ್ದು ಎರಡು ಕೆಲಸ. ಉಳಿದದ್ದೆಲ್ಲ ಇನ್ನೊಬ್ಬರ ತಲೆಯಲ್ಲಿ. ನಮ್ಮ ಕಡೆಯ ಹೆಚ್ಚಿನ ಮನೆಗಳಲ್ಲಿ ಆ ಇನ್ನೊಬ್ಬರು ತಾಯಿಯೇ. ಅವರೂ ಬೆಳಿಗ್ಗೆ ಬ್ಯಾಂಕಿಗೋ ಶಾಲೆಗೋ ಗಾರ್ಮೆಂಟ್ಸಿಗೋ ಹೊರಡುವವರಾಗಿದ್ದರೂ ಸೈ. ಅದಕ್ಕೇ ನಾನು ಹೇಳುವುದು ಇಷ್ಟು: ಕೆಲಸದ ತುಂಡುಗಳನ್ನು ಹಂಚಿಕೊಳ್ಳಬೇಡಿ, ಇಡೀ ಭೇಟಿಯನ್ನೇ ಒಬ್ಬರಿಗೆ ಬಿಡಿ. ದಿನ ಗೊತ್ತು ಮಾಡುವಲ್ಲಿಂದ ಹಿಡಿದು ಕೊನೆಯ ಡೋಸ್ ಔಷಧಿ ಹೊಟ್ಟೆಗೆ ಹೋಗುವ ತನಕ ಅದು ಅವರದ್ದೇ. ಮುಂದಿನ ಭೇಟಿ ಇನ್ನೊಬ್ಬರದ್ದು.

ತುಂಡು ಹಂಚಿದರೆ ಏನು ತಪ್ಪುತ್ತದೆ ಅನ್ನುವುದು ಡಾಕ್ಟರ ಕೋಣೆಯಲ್ಲಿ ಗೊತ್ತಾಗುತ್ತದೆ. ಮಕ್ಕಳ ಡಾಕ್ಟರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು: ಜ್ವರ ಶುರುವಾಗಿ ಎಷ್ಟನೇ ದಿನ? ಎಷ್ಟು ಡಿಗ್ರಿ ಹೋಗಿತ್ತು? ಕೊನೆಯ ಸಲ ಯಾವ ಔಷಧಿ, ಎಷ್ಟು ಎಂ.ಎಲ್., ಎಷ್ಟು ಹೊತ್ತಿಗೆ? ಬೆಳಿಗ್ಗೆಯಿಂದ ಎಷ್ಟು ಸಲ ಮೂತ್ರ ಮಾಡಿದೆ? ಹಿಂದೆ ಯಾವುದಾದರೂ ಔಷಧಿಗೆ ಮೈಮೇಲೆ ದದ್ದು ಎದ್ದಿತ್ತಾ? ಹುಟ್ಟಿದಾಗ ತೂಕ ಎಷ್ಟು? ಮಗುವನ್ನು ಎತ್ತಿಕೊಂಡು ಬಂದವರಿಗೆ ಇವು ಗೊತ್ತಿಲ್ಲದಿದ್ದರೆ ಅವರು ಕೋಣೆಯಲ್ಲೇ ಫೋನ್ ಹಚ್ಚುತ್ತಾರೆ. ಅತ್ತ ತರಗತಿಯಲ್ಲಿ ಪಾಠ ಮಾಡುತ್ತಿರುವ ಅಥವಾ ಕ್ಯಾಶ್ ಕೌಂಟರಿನಲ್ಲಿ ಕೂತಿರುವ ಅಮ್ಮ ಫೋನ್ ಎತ್ತಲಾಗುವುದಿಲ್ಲ. ರಜೆ ಅಪ್ಪ ಹಾಕಿದ್ದರೂ ಗಮನವೆಲ್ಲ ಅಮ್ಮನದ್ದೇ ಖರ್ಚಾಯಿತು. ಸರದಿ ಯಾರದ್ದೋ ಅವರು ಹಿಂದಿನ ರಾತ್ರಿಯಿಂದಲೇ ಮಗುವಿನ ಜೊತೆ ಇದ್ದು ಈ ಆರು ಉತ್ತರಗಳನ್ನು ಗೊತ್ತು ಮಾಡಿಕೊಂಡಿರಬೇಕು. ಅಮ್ಮನೂ ಜೊತೆಗೆ ಬಂದಿದ್ದು ಡಾಕ್ಟರು ಅಭ್ಯಾಸಬಲದಿಂದ ಅವರ ಕಡೆಗೇ ನೋಡಿ ಮಾತಾಡಿದರೆ, ಅಪ್ಪ "ಈ ಸಲ ನಾನೇ ನೋಡ್ಕೊಳ್ತಿರೋದು ಡಾಕ್ಟ್ರೇ, ನಂಗೇ ಹೇಳಿ" ಅಂದರೆ ಸಾಕು.

ರೂಢಿ ಎಲ್ಲಿ ಕೂರುತ್ತದೆ

ನಮ್ಮಲ್ಲಿ ಬಾಣಂತನ ತವರಿನಲ್ಲಿ. ಮೂರು ತಿಂಗಳೋ ಐದು ತಿಂಗಳೋ ಮಗು, ಅಮ್ಮ, ಅಮ್ಮಮ್ಮ ಒಂದು ಊರಲ್ಲಿ. ಅಪ್ಪ ಭಾನುವಾರ ಬಂದು ಹೋಗುವವರು. ಸರ್ಕಾರಿ ಪಟ್ಟಿಯ ಲಸಿಕೆಗಳಲ್ಲಿ ಹುಟ್ಟಿದಾಗಿನದ್ದು ಬಿಟ್ಟರೆ ಮೊದಲ ಮೂರು ಸುತ್ತು 6, 10, 14ನೇ ವಾರದಲ್ಲಿ. ಅಂದರೆ ಹೆಚ್ಚುಕಡಿಮೆ ಮೂರೂ ತವರಿನ ಲೆಕ್ಕಕ್ಕೆ ಬೀಳುತ್ತವೆ. ಮಗು ಗಂಡನ ಮನೆಗೆ ಬರುವ ಹೊತ್ತಿಗೆ ಕಾರ್ಡು ಎಲ್ಲಿದೆ, ಮುಂದಿನದ್ದು ಯಾವಾಗ, ಹಿಂದಿನ ಸಲ ಜ್ವರ ಬಂದಿತ್ತಾ ಅನ್ನುವುದೆಲ್ಲ ತಾಯಿಗೆ ಮಾತ್ರ ಗೊತ್ತು. ಇದು ಯಾರೂ ಕೂತು ಮಾಡಿದ ತೀರ್ಮಾನವಲ್ಲ, ಹಾಗೇ ಆಗಿಬಿಡುತ್ತದೆ. ಆದ್ದರಿಂದ ಹೆರಿಗೆಯಾದ ವಾರದಲ್ಲೇ ಈ ಮೂರು ದಿನಾಂಕ ಬರೆದು, ಅದರಲ್ಲಿ ಒಂದನ್ನಾದರೂ ಪೂರ್ತಿಯಾಗಿ ಅಪ್ಪನಿಗೆ ಕೊಡಿ. ಕೇಂದ್ರ ಸರ್ಕಾರದ ನೌಕರರಿಗೆ 15 ದಿನದ ಪಿತೃತ್ವ ರಜೆ ಹೆರಿಗೆಯಿಂದ ಆರು ತಿಂಗಳೊಳಗೆ ಹಾಕಲು ಅವಕಾಶ ಇದೆ. ಆಸ್ಪತ್ರೆಯಲ್ಲಿ ನೋಡಿಕೊಳ್ಳಲು ಅಮ್ಮಮ್ಮ, ದೊಡ್ಡಮ್ಮ ಇದ್ದರೆ ಆ ರಜೆಯನ್ನು 6ನೇ ವಾರದ ಸುತ್ತಿಗೆ ಉಳಿಸಿಕೊಳ್ಳುವುದು ಒಳ್ಳೆಯ ಲೆಕ್ಕ. ಖಾಸಗಿಯಲ್ಲಿ ಅಪ್ಪಂದಿರಿಗೆ ಇಂಥ ರಜೆ ಕೊಡಲೇಬೇಕೆಂಬ ಕಾನೂನು ಇಲ್ಲ, ಕಂಪನಿ ಕೊಟ್ಟರೆ ಉಂಟು.

ಇನ್ನೊಂದು ತೊಡಕೂ ತವರಿನದ್ದೇ. ತೀರ್ಥಹಳ್ಳಿಯ ಹುಡುಗಿ ಶಿಕಾರಿಪುರಕ್ಕೆ ಕೊಟ್ಟಿದ್ದು, ಬಾಣಂತನ ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ಅಂತಾದರೆ, ಮಗುವಿನ ಹೆಸರು ಎರಡೂ ಕಡೆಯ ಆಶಾ ಕಾರ್ಯಕರ್ತೆಯರ ಪಟ್ಟಿಯಲ್ಲಿ ಇರಬೇಕು. ಇಲ್ಲದಿದ್ದರೆ ಊರು ಬದಲಾದಾಗ ಎರಡೂ ಕಡೆಯವರು ಅಲ್ಲಿ ಹಾಕಿಸಿರಬೇಕು ಅಂದುಕೊಂಡು ಸುಮ್ಮನಿರುತ್ತಾರೆ. ಈ ಎರಡು ಫೋನ್ ಕರೆ ಅಪ್ಪನದ್ದಾಗಲಿ. ಜೊತೆಗೆ ಪ್ರತಿ ಸಲ ಲಸಿಕೆ ಹಾಕಿ ಬರೆದ ಕೂಡಲೇ ತಾಯಿ ಕಾರ್ಡಿನ ಆ ಪುಟದ ಫೋಟೋ ಇಬ್ಬರ ಫೋನಿನಲ್ಲೂ ಇರಲಿ. ಮಳೆಗಾಲದಲ್ಲಿ ಒದ್ದೆಯಾಗಿ ಶಾಯಿ ಹರಡಿದ ಕಾರ್ಡಿನಿಂದ ದಿನಾಂಕ ಓದುವುದು ಯಾರಿಂದಲೂ ಆಗದ ಕೆಲಸ.

ದಿನಾಂಕ ಲೆಕ್ಕ ಹಾಕುವುದು

ಲಸಿಕೆಯ ದಿನಗಳು ವರ್ಷದ ಮೊದಲೇ ಗೊತ್ತಿರುವಂಥವು. ಉದಾಹರಣೆಗೆ ಮಗು 2026ರ ಜನವರಿ 1, ಗುರುವಾರ ಹುಟ್ಟಿದರೆ 6 ವಾರಕ್ಕೆ ಫೆಬ್ರವರಿ 12, 10 ವಾರಕ್ಕೆ ಮಾರ್ಚ್ 12, 14 ವಾರಕ್ಕೆ ಏಪ್ರಿಲ್ 9. ಒಂಬತ್ತು ತಿಂಗಳು ತುಂಬುವುದು ಅಕ್ಟೋಬರ್ 1ಕ್ಕೆ. ಆಗ ದಡಾರ-ರುಬೆಲ್ಲಾ ಮೊದಲ ಡೋಸ್, ನ್ಯುಮೋಕಾಕಲ್ (ನ್ಯುಮೋನಿಯಾ ತಡೆಯುವ ಲಸಿಕೆ) ಬೂಸ್ಟರ್, ವಿಟಮಿನ್ ಎ ಮೊದಲ ಡೋಸ್. ಆಮೇಲೆ 16ರಿಂದ 24 ತಿಂಗಳೊಳಗೆ ಡಿಪಿಟಿ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ಲಸಿಕೆ) ಮತ್ತು ಪೋಲಿಯೊ ಬೂಸ್ಟರ್, ದಡಾರ-ರುಬೆಲ್ಲಾ ಎರಡನೆಯದು. 5-6 ವರ್ಷಕ್ಕೆ ಡಿಪಿಟಿ ಎರಡನೇ ಬೂಸ್ಟರ್, 10 ಮತ್ತು 16 ವರ್ಷಕ್ಕೆ ಟಿಡಿ (ಧನುರ್ವಾಯು, ಗಂಟಲಮಾರಿ ಲಸಿಕೆ).

ಹಂಚಿಕೊಳ್ಳುವವರಿಗೆ ಇದರಲ್ಲಿ ತಿಳಿಯಬೇಕಾದ್ದು ಯಾವ ದಿನ ಸರಿಸಬಹುದು, ಯಾವುದು ಸರಿಸಬಾರದು ಅನ್ನುವುದು. 6 ವಾರಕ್ಕೆ ಮುಂಚೆ ಹೋದರೆ ಹಾಕುವುದಿಲ್ಲ, ವಾಪಸ್ ಬರಬೇಕು. ಒಂದು ವಾರ ತಡವಾದರೆ ತೊಂದರೆಯಿಲ್ಲ. ತಡವಾಯಿತೆಂದು ಮೊದಲಿನಿಂದ ಶುರು ಮಾಡುವುದೂ ಇಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ. ಆದರೆ ಮೊದಲ ಸುತ್ತು ತಡವಾದರೆ ಮುಂದಿನದಕ್ಕೆ ಕನಿಷ್ಠ ನಾಲ್ಕು ವಾರದ ಅಂತರ ಬೇಕೇ ಬೇಕು, ಹಾಗಾಗಿ ಸಾಲಾಗಿ ಎಲ್ಲವೂ ಜರುಗುತ್ತವೆ. 16-24 ತಿಂಗಳ ಸುತ್ತಿಗೆ ಎಂಟು ತಿಂಗಳ ಅವಕಾಶ ಇದೆ ಅನಿಸಿದರೂ ಅದನ್ನು ಶುರುವಿನ ಹದಿನಾರಕ್ಕೇ ಮುಗಿಸುವುದು ಲೇಸು. ಅವಧಿ ಉದ್ದವಿದ್ದಷ್ಟೂ ಇಬ್ಬರೂ ಮುಂದಿನ ತಿಂಗಳು ನೋಡೋಣ ಅಂತ ತಳ್ಳುತ್ತಾ ಹೋಗುತ್ತಾರೆ. ನೆಗಡಿ, ಸಣ್ಣ ಕೆಮ್ಮು ಇದೆ ಅಂತ ಮನೆಯಲ್ಲೇ ತೀರ್ಮಾನಿಸಿ ಲಸಿಕೆ ಮುಂದೂಡಬೇಡಿ. ಅದು ಅಡ್ಡಿಯಾಗುವಂಥದ್ದಲ್ಲ, ಹಾಕುವವರೇ ನೋಡಿ ಹೇಳಲಿ.

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರದ ಇಂಥ ದಿನವೇ ಬನ್ನಿ, ಬೆಳಿಗ್ಗೆಯೇ ಬನ್ನಿ ಅನ್ನುವುದಕ್ಕೆ ಕಾರಣ ಇದೆ. ಬಿಸಿಜಿ (ಕ್ಷಯದ ಲಸಿಕೆ) ಮತ್ತು ದಡಾರ-ರುಬೆಲ್ಲಾ ಲಸಿಕೆ ಪುಡಿಯ ರೂಪದಲ್ಲಿರುತ್ತವೆ. ದ್ರವ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದನ್ನು ಎಸೆಯಬೇಕು. ಒಂದು ಸೀಸೆಯಲ್ಲಿ ಹಲವು ಮಕ್ಕಳಿಗೆ ಆಗುವಷ್ಟು ಡೋಸ್ ಇರುತ್ತದೆ, ಆದ್ದರಿಂದ ಮಕ್ಕಳನ್ನು ಒಟ್ಟು ಸೇರಿಸಿಕೊಂಡೇ ಒಡೆಯುತ್ತಾರೆ. ಕಚೇರಿ ಮುಗಿಸಿ ನಾಲ್ಕೂವರೆಗೆ ಹೋದರೆ ಸಿಗದಿರುವುದು ಇದಕ್ಕೇ. ಲಸಿಕೆಯ ದಿನ ಯಾವುದು ಅಂತ ಆಶಾ ಹತ್ತಿರ ಕೇಳಿಕೊಂಡು, ಆ ದಿನದ ಮುಂಜಾನೆಯ ಅರ್ಧ ರಜೆ ಹಾಕಿ. ಹಾಕಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕು, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ಆ ರಾತ್ರಿ ಮಗು ಕಿರಿಕಿರಿ ಮಾಡುತ್ತದೆ, ಜ್ವರ ಬರಬಹುದು. ಲಸಿಕೆಗೆ ಹೋದವರೇ ರಾತ್ರಿಯೂ ಎದ್ದರೆ ಅದು ಇಡೀ ಭೇಟಿ. ಮಧ್ಯಾಹ್ನ ತಂದು ಅಮ್ಮನ ಮಡಿಲಿಗೆ ಹಾಕಿ ತೋಟಕ್ಕೆ ಹೋದರೆ ಅರ್ಧವೇ ಆಯಿತು.

ಕೆಲಸದ ಪಂಚಾಂಗ

ಮಗುವಿನ ದಿನಾಂಕಗಳ ಪಕ್ಕದಲ್ಲಿ ಇಬ್ಬರ ಕೆಲಸದ ಬಿಗಿ ದಿನಗಳನ್ನೂ ಬರೆಯಬೇಕು. ಗೋಡೆಯ ಮೇಲೆ ತೂಗುಹಾಕುವ ಕ್ಯಾಲೆಂಡರ್ ಇದಕ್ಕೆ ಫೋನಿಗಿಂತ ವಾಸಿ, ಅಜ್ಜ-ಅಜ್ಜಿಗೂ ಕಾಣುತ್ತದೆ. ಶಿಕ್ಷಕರಿಗೆ ಮಾರ್ಚ್, ಏಪ್ರಿಲ್‌ನ ಪರೀಕ್ಷೆ ಕೆಲಸ. ಬ್ಯಾಂಕಿನವರಿಗೆ ವರ್ಷದ ಕೊನೆ ಮತ್ತು ಪ್ರತಿ ತ್ರೈಮಾಸಿಕದ ಕೊನೆ. ಆದರೆ ಎರಡನೇ ಮತ್ತು ನಾಲ್ಕನೇ ಶನಿವಾರ ಅವರಿಗೆ ರಜೆ, ಖಾಸಗಿ ಕ್ಲಿನಿಕ್ಕುಗಳು ಅಂದು ತೆರೆದಿರುತ್ತವೆ. ಮರುಭೇಟಿ, ಹಲ್ಲು, ಕಣ್ಣು ಇಂಥವನ್ನು ಆ ಶನಿವಾರಗಳಿಗೆ ಇಡಬಹುದು. ಬಸ್ಸಿನ ಡ್ರೈವರ್, ಕಂಡಕ್ಟರ್ ಆಗಿರುವವರಿಗೆ ವಾರದ ರಜೆ ಯಾವತ್ತು, ನೈಟ್ ಔಟ್ (ರಾತ್ರಿ ಹೊರಗೆ ಉಳಿಯುವ ಪಾಳಿ) ಯಾವತ್ತು ಅನ್ನುವುದು ಮೊದಲೇ ಗೊತ್ತಿರುತ್ತದೆ. ರಾತ್ರಿ ಡ್ಯೂಟಿ ಮುಗಿಸಿ ಬಂದ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಮಗುವನ್ನು ಬೈಕಿನಲ್ಲಿ ಕೂರಿಸಿಕೊಂಡು ಹೊರಡುವ ಏರ್ಪಾಡು ಮಾತ್ರ ಬೇಡ.

ಅಡಿಕೆ ತೋಟದವರಿಗೆ ಯಾವಾಗ ಬೇಕಾದರೂ ಬಿಡುವು ಅನ್ನುವುದು ಹೊರಗಿನವರ ಕಲ್ಪನೆ. ಮಳೆ ಹಿಡಿಯುವ ಮೊದಲು ಕೊಳೆರೋಗಕ್ಕೆ ಮೈಲುತುತ್ತ ಹೊಡೆಯಬೇಕು, 40-45 ದಿನಕ್ಕೆ ಇನ್ನೊಂದು ಸಲ. ಎರಡನೆಯದಂತೂ ಮಳೆ ಬಿಟ್ಟ ಹೊಳವು ಸಿಕ್ಕಾಗಲೇ ಆಗಬೇಕು. ಕೊಯ್ಲಿನಲ್ಲಿ ಕೊನೆಗೌಡ (ಮರ ಹತ್ತಿ ಅಡಿಕೆ ಗೊನೆ ಇಳಿಸುವವನು) ಬರುವ ದಿನ ತಪ್ಪಿದರೆ ಮತ್ತೆ ಅವನು ಸಿಗುವುದು ಯಾವಾಗಲೋ, ಕೊನೆ ಇಳಿಸಿದ ಮೇಲೆ ಸುಲಿದು ಬೇಯಿಸುವುದನ್ನು ತಳ್ಳುವ ಹಾಗಿಲ್ಲ. ಹಾಗಾಗಿ ಹೆಂಡತಿಗೆ ನೌಕರಿ, ಗಂಡನಿಗೆ ತೋಟ ಇರುವ ಮನೆಯಲ್ಲಿ ಕೊಯ್ಲಿನ ತಿಂಗಳುಗಳ ಭೇಟಿ ಹೆಂಡತಿಯದ್ದು, ಬೇಸಗೆಯದ್ದು ಪೂರ್ತಿ ಗಂಡನದ್ದು ಅಂತ ಋತು ನೋಡಿ ಹಂಚಿದರೆ ತಿಂಗಳಿಗೊಬ್ಬರು ಅನ್ನುವ ಹಂಚಿಕೆಗಿಂತ ಚೆನ್ನಾಗಿ ನಡೆಯುತ್ತದೆ. ಮನೆಯಿಂದಲೇ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರ ಬಗ್ಗೆಯೂ ಇದೇ ಮಾತು: ಮನೆಯಲ್ಲಿದ್ದಾರೆ ಅಂದರೆ ಕೈ ಖಾಲಿ ಇದೆ ಅಂತಲ್ಲ.

ಯಾರ ಸಂಬಳ ಕಡಿಮೆಯೋ ಅವರೇ ರಜೆ ಹಾಕಲಿ ಅನ್ನುವ ಲೆಕ್ಕ ಒಂದು ದಿನಕ್ಕೆ ಸರಿ ಕಾಣುತ್ತದೆ, ವರ್ಷಕ್ಕೆ ನೋಡಿದರೆ ಅನ್ಯಾಯ. ಗಾರ್ಮೆಂಟ್ಸಿನಂಥ ಕಡೆ ಹಾಜರಾತಿಗೆ ಅಂತ ಬೇರೆ ದುಡ್ಡು ಇರುತ್ತದೆ, ಒಂದು ರಜೆಯಲ್ಲಿ ದಿನಗೂಲಿಯ ಜೊತೆ ಅದೂ ಹೋಗುತ್ತದೆ. ಪ್ರತಿ ಸಲ ಅದೇ ಒಬ್ಬರು ಮೇಲಿನವರ ಎದುರು ನಿಲ್ಲಬೇಕಾಗುತ್ತದೆ, ಕ್ರಮೇಣ ಆ ಕೆಲಸವನ್ನೇ ಬಿಡುವ ಮಾತು ಬರುತ್ತದೆ. ಸರದಿ ಹಾಕಿ. ತಪ್ಪಿದರೆ ಮುಂದಿನ ಎರಡು ಅವರದ್ದು.

ರಜೆಯ ನಿಯಮಗಳೇ ಭಾರವನ್ನು ಒಂದು ಕಡೆಗೆ ವಾಲಿಸಿವೆ. ಕೇಂದ್ರ ಸರ್ಕಾರಿ ನೌಕರಿಯಲ್ಲಿ 730 ದಿನದ ಶಿಶುಪಾಲನಾ ರಜೆ ಮಹಿಳೆಯರಿಗೆ ಮತ್ತು ಒಂಟಿ ತಂದೆಯರಿಗೆ ಮಾತ್ರ. ಅದೂ ಒಂದು ಸಲಕ್ಕೆ ಐದು ದಿನಕ್ಕಿಂತ ಕಡಿಮೆ ಹಾಕುವಂತಿಲ್ಲ, ಆದ್ದರಿಂದ ಒಂದು ಬೆಳಗಿನ ಲಸಿಕೆಗೆ ಅದು ಉಪಯೋಗವಿಲ್ಲ. ಅದನ್ನು ಶಸ್ತ್ರಚಿಕಿತ್ಸೆ, ದೀರ್ಘ ಕಾಯಿಲೆಗೆ ಇಟ್ಟು, ಬಿಡಿ ಭೇಟಿಗಳಿಗೆ ಇಬ್ಬರ ಸಿ.ಎಲ್.ಗಳನ್ನೂ (ಸಾಂದರ್ಭಿಕ ರಜೆ) ಒಂದೇ ಡಬ್ಬಿಗೆ ಹಾಕಿ ಎಣಿಸಿ: ವರ್ಷಕ್ಕೆ ಇಬ್ಬರದ್ದೂ ಸೇರಿ ಇಷ್ಟು, ಮಗುವಿಗೆ ಅಂತ ಇಷ್ಟು ಮೀಸಲು. ಅಪ್ಪಂದಿರಿಗೆ ಒಂದು ಮಾತು, ರಜೆ ಅರ್ಜಿಯಲ್ಲಿ "ಸ್ವಂತ ಕೆಲಸ" ಅಂತ ಬರೆಯಬೇಡಿ. "ಮಗುವಿಗೆ ಲಸಿಕೆ" ಅಂತಲೇ ಬರೆಯಿರಿ. ಗಂಡಸರೂ ಇದಕ್ಕೆ ರಜೆ ಹಾಕುತ್ತಾರೆ ಅಂತ ಆಫೀಸಿಗೆ ಗೊತ್ತಾಗಬೇಕು. ನಿಮ್ಮ ನಂತರ ಕೇಳುವವರಿಗೆ ಸುಲಭವಾಗುತ್ತದೆ.

ಅರ್ಧ ದಿನ ಸಾಕೇ?

ಶಿವಮೊಗ್ಗ ಪೇಟೆಯಲ್ಲೋ ಭದ್ರಾವತಿಯಲ್ಲೋ ಇದ್ದರೆ ಸಾಕು. ಸಾಗರದಿಂದ ಶಿವಮೊಗ್ಗಕ್ಕೆ ಸುಮಾರು 70 ಕಿ.ಮೀ., ತೀರ್ಥಹಳ್ಳಿಯಿಂದ ಸುಮಾರು 60. ಹೋಗಿಬರುವುದಕ್ಕೇ ಮೂರು-ನಾಲ್ಕು ಗಂಟೆ. ಮೆಗ್ಗಾನ್‌ನಂಥ ದೊಡ್ಡ ಆಸ್ಪತ್ರೆಯಲ್ಲಿ ಚೀಟಿಗೆ ಒಂದು ಸಾಲು, ಡಾಕ್ಟರಿಗೆ ಒಂದು, ಲ್ಯಾಬಿಗೆ ಒಂದು, ಔಷಧಿಗೆ ಇನ್ನೊಂದು. ರಕ್ತ ಕೊಟ್ಟರೆ ರಿಪೋರ್ಟ್ ಮಧ್ಯಾಹ್ನದ ಮೇಲೆ, ಅದನ್ನು ಮತ್ತೆ ಡಾಕ್ಟರಿಗೆ ತೋರಿಸಬೇಕು. ದೂರದವರು ಅರ್ಧ ದಿನದ ರಜೆ ಹಾಕಿಕೊಂಡು ಹೋದರೆ ರಿಪೋರ್ಟ್ ತೋರಿಸದೆಯೇ ಬಸ್ಸು ಹತ್ತುತ್ತಾರೆ, ಮರುದಿನ ಮತ್ತೊಬ್ಬರು ರಜೆ ಹಾಕುತ್ತಾರೆ. ಪೂರ್ತಿ ದಿನವೇ ಹಾಕಿ. ಮರುಭೇಟಿಯಾದರೆ, ಡಾಕ್ಟರು ಮೊದಲೇ ಬರೆದುಕೊಟ್ಟ ಪರೀಕ್ಷೆಯನ್ನು ಹಿಂದಿನ ದಿನ ಊರಿನಲ್ಲೇ ಮಾಡಿಸಿ ರಿಪೋರ್ಟ್ ಹಿಡಿದುಕೊಂಡು ಹೋಗಬಹುದಾ ಅಂತ ಕೇಳಿ. ಎಷ್ಟೋ ಪರೀಕ್ಷೆಗಳಿಗೆ ಅದು ಸಾಧ್ಯ. ಬರೀ ಸಂಶಯ ಕೇಳುವುದಿದ್ದರೆ ಫೋನಿನಲ್ಲೋ ದೂರದಿಂದಲೇ ಡಾಕ್ಟರ ಸಲಹೆ ಸಿಗುವ ಸರ್ಕಾರದ ಇ-ಸಂಜೀವನಿಯಲ್ಲೋ ಆದೀತು.

ತೀರ್ಥಹಳ್ಳಿ ಕಡೆಯವರು ಮಣಿಪಾಲಕ್ಕೆ ಹೋಗುವುದು ಆಗುಂಬೆ ಘಾಟಿ ಇಳಿದು. ಹದಿನಾಲ್ಕು ತಿರುವು, ಮಗುವಿಗೆ ವಾಂತಿ ಹೆಚ್ಚುಕಡಿಮೆ ಗ್ಯಾರಂಟಿ. ಹೊರಡುವ ಮುಂಚೆ ಹೊಟ್ಟೆ ತುಂಬಾ ತಿನ್ನಿಸಬೇಡಿ, ಎರಡು ಜೊತೆ ಬಟ್ಟೆ ಮೇಲೆಯೇ ಇರಲಿ. ಜೂನ್‌ನಿಂದ ಸೆಪ್ಟೆಂಬರ್ ತನಕ ಗುಡ್ಡ ಕುಸಿದೋ ಮರ ಬಿದ್ದೋ ರಸ್ತೆ ಕಟ್ಟಬಹುದು. ಮೊದಲೇ ಗೊತ್ತಿರುವ ತಜ್ಞರ ಭೇಟಿಯನ್ನು ಆ ತಿಂಗಳುಗಳಿಂದ ಆಚೆ ಇಡಲಾಗುತ್ತದಾ ಅಂತ ಡಾಕ್ಟರನ್ನೇ ಕೇಳಿಕೊಳ್ಳಿ. ಆಗದಿದ್ದರೆ ಹಿಂದಿನ ಸಂಜೆಯೇ ಇಳಿದು ನೆಂಟರ ಮನೆಯಲ್ಲಿ ಉಳಿಯುವುದು ಕ್ಷೇಮ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ ಲಾಂಚಿನ ಸಮಯ ಕಾಯುವ ಕಷ್ಟ 2025ರ ಜುಲೈನಲ್ಲಿ ಸೇತುವೆಯಾದ ಮೇಲೆ ತಪ್ಪಿದೆ.

ಕೈ ಬದಲಾಗುವ ಹೊತ್ತು

ಸರದಿ ಹಾಕಿಕೊಂಡ ಮನೆಯಲ್ಲಿ ಅತಿ ಹೆಚ್ಚು ಎಚ್ಚರ ಬೇಕಾದ ಜಾಗ ಇದು. ಐದು ಗಂಟೆಗೆ ಅಜ್ಜಿ ಜ್ವರದ ಔಷಧಿ ಕೊಟ್ಟಿರುತ್ತಾರೆ. ಏಳಕ್ಕೆ ಅಪ್ಪ ಬಂದು ಮೈ ಮುಟ್ಟಿ ನೋಡಿ ಇನ್ನೊಮ್ಮೆ ಕೊಡುತ್ತಾರೆ. ಎಂಟಕ್ಕೆ ಅಮ್ಮ. ಪ್ಯಾರಾಸಿಟಮಾಲ್ ಒಂದು ಡೋಸಿಗೂ ಇನ್ನೊಂದಕ್ಕೂ ಕನಿಷ್ಠ ನಾಲ್ಕು ಗಂಟೆ, ಸಾಮಾನ್ಯವಾಗಿ ಆರು ಗಂಟೆ ಅಂತರ ಇರಬೇಕು. ಹೆಚ್ಚಾದರೆ ಪೆಟ್ಟು ಬೀಳುವುದು ಯಕೃತ್ತಿಗೆ.

ಸೀಸೆಯ ಗೊಂದಲ ಇದಕ್ಕಿಂತ ಕೆಟ್ಟದ್ದು. ಮಕ್ಕಳ ಡೋಸ್ ತೂಕದ ಮೇಲೆ, ಕಿಲೋಗೆ 10ರಿಂದ 15 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 150 ಮಿಲಿಗ್ರಾಂ ಅಂತ ಇಟ್ಟುಕೊಳ್ಳಿ. 5 ಎಂ.ಎಲ್.ಗೆ 125 ಇರುವ ಸಿರಪ್ಪಿನಲ್ಲಿ ಅದು 6 ಎಂ.ಎಲ್., 5 ಎಂ.ಎಲ್.ಗೆ 250 ಇರುವುದರಲ್ಲಿ 3 ಎಂ.ಎಲ್., ಒಂದು ಎಂ.ಎಲ್.ಗೇ 100 ಇರುವ ಡ್ರಾಪ್ಸಿನಲ್ಲಿ ಒಂದೂವರೆ ಎಂ.ಎಲ್. ಸೀಸೆ ಬದಲಾದದ್ದು ಗೊತ್ತಿಲ್ಲದೆ ಹಿಂದಿನ ಸಲದ "ಆರು ಎಂ.ಎಲ್." ನೆನಪಿನಲ್ಲಿ ಡ್ರಾಪ್ಸ್ ಕೊಟ್ಟರೆ 600 ಮಿಲಿಗ್ರಾಂ ಹೋಯಿತು. ಆದ್ದರಿಂದ ಮನೆಯಲ್ಲಿ ಒಂದೇ ಬಗೆಯ ಸೀಸೆ ಇಡಿ. ಡಾಕ್ಟರು ಈಗಿನ ತೂಕಕ್ಕೆ ಹೇಳಿದ ಅಳತೆಯನ್ನು ದಿನಾಂಕದ ಸಮೇತ ಬಿಳಿ ಟೇಪಿನ ಮೇಲೆ ಬರೆದು ಅದಕ್ಕೇ ಅಂಟಿಸಿ. ಅಡುಗೆಮನೆಯ ಚಮಚ ಬೇಡ, ಗೆರೆ ಇರುವ ಸಿರಿಂಜೋ ಮುಚ್ಚಳವೋ ಆಗಲಿ.

ಕೊಟ್ಟ ಕೂಡಲೇ ಬರೆಯಬೇಕು, ಆಮೇಲೆ ಅಲ್ಲ. ಫ್ರಿಜ್ಜಿನ ಮೇಲೊಂದು ಹಾಳೆ, ಜೊತೆಗೆ ಇಬ್ಬರದ್ದೇ ಒಂದು ವಾಟ್ಸಾಪ್ ಗ್ರೂಪ್. ಬರೆಯುವ ರೀತಿ ಹೀಗೆ: "ಸಂಜೆ 5.10, ಕಂಕುಳಲ್ಲಿ 101.2, ಪ್ಯಾರಾಸಿಟಮಾಲ್ 250ರದ್ದು 3 ಎಂ.ಎಲ್., ಅಮ್ಮಮ್ಮ ಕೊಟ್ಟಿದ್ದು. ಮಧ್ಯಾಹ್ನದಿಂದ ಮೂತ್ರ ಎರಡು ಸಲ. ಗಂಜಿ ಅರ್ಧ ಬಟ್ಟಲು. ಜ್ವರ ಇವತ್ತು ಮೂರನೇ ದಿನ." ಹಳ್ಳಿಯಲ್ಲಿ ನೆಟ್‌ವರ್ಕ್ ಹೋಗುವುದು ಮಾಮೂಲಿ, ಹಾಗಾಗಿ ಹಾಳೆಯೇ ಮುಖ್ಯ, ಫೋನು ಅದರ ನಕಲು.

ಎಷ್ಟನೇ ದಿನ ಅನ್ನುವುದಕ್ಕೆ ಒತ್ತು ಕೊಡುವುದು ಸುಮ್ಮನೆ ಅಲ್ಲ. ಡೆಂಗಿಯಲ್ಲಿ ಅಪಾಯ ಹೆಚ್ಚುವುದು ಮೂರರಿಂದ ಏಳನೇ ದಿನದ ನಡುವೆ, ಜ್ವರ ಇಳಿಯುವ ಹೊತ್ತಿನಲ್ಲಿ. ರಾತ್ರಿ ನೋಡಿಕೊಂಡವರು ಜ್ವರ ಬಿಟ್ಟಿದೆ ಅಂತ ಒಪ್ಪಿಸಿ ಕೆಲಸಕ್ಕೆ ಹೊರಡುತ್ತಾರೆ. ಹಗಲಿನವರು ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ತೀರಾ ಮಂಕು ಇವುಗಳನ್ನು ನೋಡುತ್ತಿರಬೇಕು ಅಂತ ಗೊತ್ತಿಲ್ಲದೆ ನಿರಾಳವಾಗುತ್ತಾರೆ. ಡೆಂಗಿ ಸಂಶಯ ಇದ್ದಾಗ ಐಬುಪ್ರೊಫೇನ್, ಆಸ್ಪಿರಿನ್ ಕೊಡಬಾರದು ಅನ್ನುವುದು ಮೂವರಿಗೂ ತಿಳಿದಿರಲಿ. ಡಿಸೆಂಬರ್‌ನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಅದನ್ನು ಮೊದಲು ಗುರುತಿಸಿದ್ದೇ 1957ರಲ್ಲಿ, ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಮಗು ಕಾಡಂಚಿಗೆ ಹೋಗಿತ್ತಾ, ದರಗು (ಒಣ ಎಲೆ) ತರುವವರ ಜೊತೆ ಇತ್ತಾ, ಮೈಮೇಲೆ ಉಣುಗು (ಉಣ್ಣೆ ಹುಳ) ಸಿಕ್ಕಿತ್ತಾ, ಹತ್ತಿರ ಮಂಗ ಸತ್ತಿತ್ತಾ ಅನ್ನುವುದನ್ನು ಡಾಕ್ಟರು ಕೇಳದಿದ್ದರೂ ಹೇಳಬೇಕು. ಇದು ತೋಟದಲ್ಲಿರುವವರಿಗೆ ಗೊತ್ತಿರುತ್ತದೆ, ಪೇಟೆಯ ಆಫೀಸಿನಲ್ಲಿದ್ದು ಮಗುವನ್ನು ಕ್ಲಿನಿಕ್ಕಿಗೆ ಒಯ್ಯುವವರಿಗೆ ಗೊತ್ತಿರುವುದಿಲ್ಲ. ಆ ಹಾಳೆಯಲ್ಲಿ ಇದೂ ಒಂದು ಸಾಲು.

ಹೇಳದೆ ಬರುವ ಕಾಯಿಲೆ

ದಿಢೀರ್ ಜ್ವರಕ್ಕೆ ಮೊದಲೇ ಹಂಚಿಕೆ ಆಗದು ಅನ್ನುತ್ತಾರೆ, ಆಗುತ್ತದೆ. ವಾರಕ್ಕೊಬ್ಬರು ಸರದಿ. ಆ ವಾರ ಮಗು ಮಲಗಿದರೆ ಮೊದಲ ದಿನದ ರಜೆ ಅವರದ್ದು, ಎರಡನೇ ದಿನ ಇನ್ನೊಬ್ಬರದ್ದು. ಬೆಳಿಗ್ಗೆ ಏಳಕ್ಕೆ ಡಬ್ಬಿ ಕಟ್ಟುವ ಗಡಿಬಿಡಿಯಲ್ಲಿ ಯಾರು ನಿಲ್ಲುವುದು ಅಂತ ಚರ್ಚೆ ಶುರುವಾದರೆ ಅದು ಜಗಳದಲ್ಲೇ ಮುಗಿಯುವುದು. ಹಿಂದಿನ ರಾತ್ರಿ ಒಂಬತ್ತಕ್ಕೆ ಮೈ ಬೆಚ್ಚಗಿದ್ದರೆ ಆಗಲೇ ಹೇಳಿಬಿಡಿ: "ನಾಳೆ ನಂದು. ನೀನು ಹೊರಡು."

ಕೆಲವು ಸಂದರ್ಭಗಳಿಗೆ ಸರದಿ ಅನ್ವಯಿಸುವುದಿಲ್ಲ, ಯಾರಿದ್ದರೋ ಅವರು ಕೂಡಲೇ ಹೊರಡಬೇಕು, ಕೇಳಿಕೊಂಡು ಕೂರಬಾರದು. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಅಥವಾ ಹೆಚ್ಚು ಜ್ವರ. ಹಾಲು, ನೀರು ಏನೂ ಕುಡಿಯದಿರುವುದು, ಎಬ್ಬಿಸಿದರೂ ಎಚ್ಚರವಾಗದಿರುವುದು, ಪಕ್ಕೆ ಒಳಗೆ ಸೆಳೆಯುವ ಉಸಿರು. ಉಸಿರನ್ನು ಮಗು ಸುಮ್ಮನಿದ್ದಾಗ ಪೂರ್ತಿ ಒಂದು ನಿಮಿಷ ಎಣಿಸಬೇಕು: ಎರಡು ತಿಂಗಳೊಳಗೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಅಥವಾ ಮೇಲಿದ್ದರೆ ತಡಮಾಡಬಾರದು. ಜ್ವರಕ್ಕೆ ಫಿಟ್ಸ್ ಬಂದರೆ ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ, ಬಾಯಿಗೆ ಏನೂ ಹಾಕಬೇಡಿ. ಕೈಗೆ ಕಬ್ಬಿಣ ಕೊಡುವುದು, ಈರುಳ್ಳಿ ಮೂಸಿಸುವುದರಿಂದ ಹೊತ್ತು ಹಾಳು. ಐದು ನಿಮಿಷ ದಾಟಿದರೆ 108. ಫಿಟ್ಸ್ ತಾನಾಗಿ ನಿಂತರೂ ಅವತ್ತೇ ಡಾಕ್ಟರಿಗೆ ತೋರಿಸಬೇಕು.

ಇಬ್ಬರೂ ಹೋಗಲೇಬೇಕಾದ ಭೇಟಿಗಳೂ ಇವೆ. ಹೊಸ ಕಾಯಿಲೆಯ ಹೆಸರು ಹೇಳುವ ದಿನ, ಶಸ್ತ್ರಚಿಕಿತ್ಸೆಯ ತೀರ್ಮಾನ, ಮಾತು ಅಥವಾ ಬೆಳವಣಿಗೆ ತಡ ಅಂತ ಪರೀಕ್ಷಿಸುವ ದಿನ. ಉಬ್ಬಸದ ಮಗುವಿಗೆ ಇನ್‌ಹೇಲರ್ ಕಲಿಸುವ ದಿನವನ್ನು ನಾನು ಇವಕ್ಕೆ ಸಮವಾಗಿ ಇಡುತ್ತೇನೆ. ಡಬ್ಬಿ ಅಲ್ಲಾಡಿಸಿ ಸ್ಪೇಸರ್‌ಗೆ (ಔಷಧಿ ಹಿಡಿದಿಡುವ ಕೊಳವೆ) ಸಿಕ್ಕಿಸಬೇಕು, ಮಾಸ್ಕ್ ಮೂಗು-ಬಾಯಿಗೆ ಗಾಳಿ ಸೋರದಂತೆ ಒತ್ತಬೇಕು, ಒಂದು ಸಲಕ್ಕೆ ಒಂದೇ ಪಫ್, ಐದಾರು ಉಸಿರು, ಅರ್ಧದಿಂದ ಒಂದು ನಿಮಿಷ ಬಿಟ್ಟು ಮುಂದಿನದು, ಸ್ಟಿರಾಯ್ಡ್ ಆದರೆ ಬಾಯಿ ತೊಳೆಸಬೇಕು. ಒಬ್ಬರು ಕಲಿತು ಇನ್ನೊಬ್ಬರಿಗೆ ಬಾಯಲ್ಲಿ ಹೇಳಿದರೆ ಮಾಸ್ಕ್ ಸಡಿಲವಾಗಿಯೇ ಉಳಿಯುತ್ತದೆ, ಔಷಧಿ ಗಾಳಿಗೆ ಹೋಗುತ್ತದೆ. ಮಳೆಗಾಲದ ಬೂಷ್ಟು, ಒಲೆಯ ಹೊಗೆ, ಅಡಿಕೆ ಸುಲಿಯುವ ಧೂಳು ಇರುವ ನಮ್ಮ ಮನೆಗಳಲ್ಲಿ ಇದು ಯಾವ ಹೊತ್ತಿನಲ್ಲಿ ಯಾರ ಕೈಗೆ ಬೇಕಾಗುತ್ತದೋ ಹೇಳಲಾಗದು.

ಮಗು ಚೇತರಿಸಿಕೊಂಡ ಮೇಲೆ

ಎಲ್ಲರೂ ಕೈಬಿಡುವುದು ಇಲ್ಲಿ. ಭೇದಿಗೆ ಓಆರ್‌ಎಸ್ ಜೊತೆ ಝಿಂಕ್ 14 ದಿನ ಕೊಡಬೇಕು, ಆರು ತಿಂಗಳ ಮೇಲಿನ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ. ಮೂರನೇ ದಿನಕ್ಕೆ ಭೇದಿ ನಿಲ್ಲುತ್ತದೆ, ನಾಲ್ಕನೇ ದಿನಕ್ಕೆ ಝಿಂಕ್ ಕೂಡ ನಿಲ್ಲುತ್ತದೆ. ಪುಡಿಗೆ ನೀರು ಬೆರೆಸುವ ಆ್ಯಂಟಿಬಯಾಟಿಕ್ ಕತೆಯೂ ಇದೇ: ಕುದಿಸಿ ಆರಿಸಿದ ನೀರನ್ನು ಗೆರೆಯವರೆಗೆ ಹಾಕಿ, ಪ್ರತಿ ಸಲ ಅಲುಗಿಸಿ, ಬರೆದಷ್ಟು ದಿನ ಪೂರ್ತಿ ಕೊಡಬೇಕು. ಕೆಲವನ್ನು ಫ್ರಿಜ್ಜಿನಲ್ಲೇ ಇಡಬೇಕು, ಕರೆಂಟು ದಿನಗಟ್ಟಲೆ ಹೋಗುವ ಊರಿನವರು ಅದನ್ನು ಅಂಗಡಿಯಲ್ಲೇ ಕೇಳಿಕೊಳ್ಳಲಿ. ಡಾಕ್ಟರ ಹತ್ತಿರ ಹೋದವರೇ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತಿಸಿ, ಅಲ್ಲಿಯ ತನಕ ಕೊಡುವುದಕ್ಕೂ ಅವರೇ ಹೊಣೆಯಾದರೆ ಈ ಬಿಟ್ಟುಹೋಗುವಿಕೆ ನಿಲ್ಲುತ್ತದೆ.

ವಿಟಮಿನ್ ಎ ಐದು ವರ್ಷದೊಳಗೆ ಒಟ್ಟು ಒಂಬತ್ತು ಡೋಸ್. ಮೊದಲ ಎರಡು ಲಸಿಕೆಯ ಜೊತೆಗೆ ಆಗಿಹೋಗುತ್ತವೆ. ಆಮೇಲೆ ಆರು ತಿಂಗಳಿಗೊಂದು, ಜೊತೆಗೆ ಚುಚ್ಚುಮದ್ದು ಇರುವುದಿಲ್ಲವಾದ್ದರಿಂದ ಮರೆತೇ ಹೋಗುತ್ತದೆ. ಇದನ್ನೂ ಜಂತುಹುಳದ ಮಾತ್ರೆಯನ್ನೂ ಇಬ್ಬರಲ್ಲಿ ಒಬ್ಬರ ಹೆಸರಿಗೆ ಕಾಯಂ ಬರೆದುಬಿಡಿ.

ಒಬ್ಬರು ಬೆಂಗಳೂರಿನಲ್ಲಿದ್ದು ಶನಿವಾರದ ರೈಲಿಗೆ ಬರುವ ಸಂಸಾರಗಳು ನಮ್ಮಲ್ಲಿ ಬೇಕಾದಷ್ಟಿವೆ. ಅಂಥವರು ನಾನು ಅಲ್ಲಿಲ್ಲವಲ್ಲ ಅಂತ ಕೈ ಚೆಲ್ಲಬೇಕಾಗಿಲ್ಲ. ಟೋಕನ್ ಹೇಳುವುದು, ಲ್ಯಾಬಿನವರಿಂದ ರಿಪೋರ್ಟ್ ವಾಟ್ಸಾಪಿಗೆ ತರಿಸಿ ಡಾಕ್ಟರಿಗೆ ಕಳಿಸುವುದು, ವಿಮೆಯ ಕಾಗದಪತ್ರ, ಊರಲ್ಲಿ ಸಿಗದ ಔಷಧಿ ಹುಡುಕಿ ಕಳಿಸುವುದು, ಲಸಿಕೆಯ ದಿನಾಂಕಕ್ಕೆ ವಾರ ಮುಂಚೆ ಆಶಾ ಜೊತೆ ಮಾತಾಡುವುದು ಎಲ್ಲವೂ ಅಲ್ಲಿಂದಲೇ ಆಗುವಂಥವು. ಡಾಕ್ಟರು ಒಪ್ಪಿದರೆ ಭೇಟಿಯ ಹೊತ್ತಿಗೆ ಫೋನಿನಲ್ಲಿ ಕೇಳಿಸಿಕೊಂಡು ಹೇಳಿದ್ದನ್ನು ಬರೆದುಕೊಳ್ಳಬಹುದು. ಮಗುವನ್ನು ಮಡಿಲಲ್ಲಿ ಹಿಡಿದವರಿಗೆ ಪೆನ್ನು ಹಿಡಿಯಲು ಕೈ ಎಲ್ಲಿ ಬಿಡುವು? ಎರಡನೇ ಶನಿವಾರ ಊರಿಗೆ ಬಂದಾಗ ಹಲ್ಲಿನ ಡಾಕ್ಟರದ್ದೋ ಕಣ್ಣಿನದ್ದೋ ಒಂದು ಭೇಟಿಯನ್ನು ಪೂರ್ತಿ ಅವರೇ ಮಾಡಲಿ. ವಾರವೆಲ್ಲ ಒಬ್ಬರೇ ನಿಭಾಯಿಸಿದವರು ಅವತ್ತು ಮನೆಯಲ್ಲಿ ಮಲಗಲಿ. ಊರಿನಲ್ಲಿರುವವರಿಗೆ ತುರ್ತಿನಲ್ಲಿ ತಮ್ಮೊಬ್ಬರ ಸಹಿಯೇ ಸಾಕು ಅನ್ನುವ ಧೈರ್ಯ ಇರಬೇಕು. ಆಸ್ಪತ್ರೆಯವರು ಒಪ್ಪಿಗೆ ಕೇಳಿದಾಗ ತಂದೆ-ತಾಯಿಯಲ್ಲಿ ಯಾರೊಬ್ಬರ ಸಹಿಯೂ ನಡೆಯುತ್ತದೆ, ಇನ್ನೊಬ್ಬರ ಫೋನ್ ಸಿಗಲಿಲ್ಲ ಅಂತ ಚಿಕಿತ್ಸೆ ನಿಲ್ಲಬಾರದು. ಇದನ್ನು ಇಬ್ಬರೂ ಮೊದಲೇ ಮಾತಾಡಿಕೊಂಡು, ಮನೆಯ ಹಿರಿಯರ ಕಿವಿಗೂ ಹಾಕಿಡಿ.